ಕೈಸರನ ಬಾಗಿಲಿಗೆ ಅರಗು

ಗುರುವಾರ ಬೆಳಿಗ್ಗೆ ಬೀಗ ತೆಗೆಯಲು ಬಗ್ಗಿದ ಕಾಫಿಪುಡಿ ಅಂಗಡಿಯ ಕೈಸರನ ಮೂಗಿಗೆ ಬಡಿದದ್ದು ಕಾಫಿಯ ಘಮವಲ್ಲ, ಹಸಿ ಗೋಂದಿನ ವಾಸನೆ. ಷಟರಿನ ಮೇಲೆ ಕೆಂಪು ಚೀಟಿ ಅಂಟಿತ್ತು. ‘ಕೈಸರ್ ಸ. ನಹ್ಹಾಸ್: ಹನ್ನೊಂದು ವರ್ಷದ ಅಂಗಡಿ ತೆರಿಗೆ ಬಾಕಿ. ಯಾವ ಗಳಿಗೆಯಲ್ಲಾದರೂ ಅರಗಿನ ಮುದ್ರೆ ಹಾಕಲಾಗುವುದು.’

ಈಸ್ಟರ್‌ಗೆ ಇನ್ನು ಹತ್ತೇ ದಿನ. ಈ ಅರಬ್ ಕ್ರೈಸ್ತರ ಊರೆಲ್ಲ ಹಬ್ಬದ ಕಾಫಿಪುಡಿ ಕೊಳ್ಳುವ ಕಾಲ. ಒಳಗೆ ಹುರಿದ ಬೀಜ ಮೂರು ಮೂಟೆ ಇದೆ. ಮುದ್ರೆ ಬಿದ್ದರೆ ಅದು ಹಬ್ಬ ಮುಗಿಯುವಷ್ಟರಲ್ಲಿ ಮರದ ಹೊಟ್ಟಾಗುತ್ತದೆ, ಅದರ ಜೊತೆಗೆ ಮನೆಯ ವರ್ಷದ ಅನ್ನವೂ.

“ನಾನು? ಬಾಕಿ?” ಕೈಸರ್ ಬಾಣಲೆಯಲ್ಲಿ ಬೀಜ ಸಿಡಿದ ಹಾಗೆ ಸಿಡಿದ.

ಸಿಡಿಯದೆ ಏನು ಮಾಡಿಯಾನು? ಚರ್ಚಿನಲ್ಲಿ, ಚಕ್ರವರ್ತಿಯ ತೆರಿಗೆ ಚಕ್ರವರ್ತಿಗೆ ಸಲ್ಲಲಿ ಎನ್ನುವ ‘ಕೈಸರನದು ಕೈಸರನಿಗೆ’ ಎಂಬ ಮಾತು ಬಂದಾಗಲೆಲ್ಲ ಇಡೀ ಸಭೆ ತಿರುಗಿ ಇವನನ್ನು ನೋಡಿ ನಗುತ್ತಿತ್ತು. ಆ ನಗೆಗೆ ಉತ್ತರವಾಗಿ ಅವನು ಪ್ರತಿ ಜನವರಿಯಲ್ಲಿ ಊರಿಗೇ ಮೊದಲಿಗನಾಗಿ ತೆರಿಗೆ ಕಟ್ಟುತ್ತಿದ್ದ. ರಸೀದಿಯನ್ನು ವೇದಪುಸ್ತಕದಲ್ಲಿ ಆ ಮಾತಿರುವ ಹಾಳೆಯೊಳಗೇ ಮಡಿಸಿಡುತ್ತಿದ್ದ. ಮಡಿಸಿಟ್ಟದ್ದನ್ನು ಮತ್ತೆ ಬಿಚ್ಚಿದವನಲ್ಲ. ದೇವರ ವಶಕ್ಕೆ ಕೊಟ್ಟ ಮೇಲೆ ತಪಾಸಣೆ ಮಾಡುವುದುಂಟೆ?

ಪಕ್ಕದ ಷಟರಿನ ಮೇಲೂ ಚೀಟಿಯಿತ್ತು, ಹಸಿರು ಬಣ್ಣದ್ದು. ‘ಕೈಸರ್ ಸ. ನಹ್ಹಾಸ್: ಹನ್ನೊಂದು ವರ್ಷ ತಪ್ಪದೆ ತೆರಿಗೆ ಕಟ್ಟಿದ ಆದರ್ಶ ನಾಗರಿಕ. ಇಂದು ಸಂಜೆ ನಗರಸಭೆಯಲ್ಲಿ ಸನ್ಮಾನ.’

ಅದು ಚಪ್ಪಲಿ ಕೈಸರನ ಅಂಗಡಿ. ಇಬ್ಬರಿಗೂ ತಾತನ ಹೆಸರೇ. ಇವನ ಅಪ್ಪ ಸಾಲೆಮ್, ಅವನ ಅಪ್ಪ ಸಲೀಂ, ಅವಳಿ ಜವಳಿ. ಇಬ್ಬರೂ ತಮ್ಮ ಹಿರಿಮಗನಿಗೆ ಅಪ್ಪನ ಹೆಸರನ್ನೇ ಇಟ್ಟದ್ದರಿಂದ ಊರು ಇವನನ್ನು ಅಬೂ ಸಾಲೆಮ್, ಅಂದರೆ ಸಾಲೆಮನ ಅಪ್ಪ, ಎಂದೂ ಅವನನ್ನು ಅಬೂ ಸಲೀಂ ಎಂದೂ ಕರೆಯುತ್ತಿತ್ತು. ಸ್ವಭಾವದಲ್ಲಿ ಮಾತ್ರ ಒಬ್ಬ ಏಲಕ್ಕಿ, ಇನ್ನೊಬ್ಬ ಎಕ್ಕಡ. ಚಪ್ಪಲಿ ಕೈಸರ್ ಸರ್ಕಾರಕ್ಕೆ ಒಂದು ದಿನಾರ್ ಕೊಟ್ಟವನಲ್ಲ. ಕೊಟ್ಟಿಲ್ಲವೆಂದು ಬೀದಿಯಲ್ಲಿ ಹೇಳಿಕೊಂಡು ನಗುವವನು.

“ಚೀಟಿ ಅದಲುಬದಲಾಗಿದೆ. ತೆಗೀ ಅದನ್ನ, ಕೊಡಿಲ್ಲಿ!” ಆಗತಾನೆ ಅಂಗಡಿ ತೆರೆಯಲು ಬಂದ ಚಪ್ಪಲಿ ಕೈಸರನ ಮೇಲೆ ಕಾಫಿ ಕೈಸರ್ ಏರಿಹೋದ.

“ಯಾಕಪ್ಪಾ ಅಬೂ ಸಾಲೆಮ್? ನನ್ನ ಬಾಗ್ಲು, ನನ್ನ ಹೆಸ್ರು. ನಗರಸಭೆಯೋರು ಕೊನೆಗೂ ನನ್ನ ಗುಣ ಕಂಡ್ಕೊಂಡ್ರು.”

“ನೀನು ಒಂದು ಕಾಸಾದ್ರೂ ಕಟ್ಟಿದೀಯೇನೋ?”

“ನೆನಪಿಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗ್ಬಾರ್ದಂತೆ!”

ಎದುರಿನ ಕ್ಷೌರಿಕ ಅಬೂ ಮಿತ್ರಿ, ಗಿರಾಕಿಯ ಕೆನ್ನೆಯ ನೊರೆ ಒಣಗುವುದಕ್ಕೆ ಬಿಟ್ಟು ಓಡಿಬಂದ. “ತೆರಿಗೆ ಕಟ್ಟಿ ತೆರಿಗೆ ಕಟ್ಟಿ ಅಂತ ನಮ್ಮ ತಲೆ ಬೋಳಿಸ್ತಿದ್ದೆ. ಈಗ ನಿಂಗೇ ಕೆಂಪು ಚೀಟಿ!”

ಮಹಡಿಯ ಕಿಟಕಿಯಿಂದ ಹೆಂಡತಿ ರವೆ ಮೆತ್ತಿದ ಕೈ ಆಡಿಸಿದಳು. “ಕೂಗಾಡ್ಬೇಡಿ. ಬಿಸಿ ಮಾಮೂಲ್ ಇದೆ, ಒಂದ್ ತಟ್ಟೆ ತಗೊಂಡು ಕಚೇರೀಗೆ ಹೋಗಿ ಮೆತ್ತಗೆ ಕೇಳಿ.”

ಮಾಮೂಲ್ ಎಂದರೆ ಇಲ್ಲಿ ಖರ್ಜೂರ ತುಂಬಿದ ಹಬ್ಬದ ತಿಂಡಿ. ಕಚೇರಿಗೆ ಒಯ್ದರೆ ಮಾತ್ರ ಕನ್ನಡದ ಅರ್ಥವೂ ಬರುತ್ತದೆ.

“ಸತ್ಯವಂತನಿಗೆ ತಟ್ಟೆ ಯಾಕೆ?” ಎಂದು ಗದರಿದ ಕೈಸರ್ ವೇದಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡ. ಕಾಫಿಪುಡಿಗೆಂದು ಬಂದು ನಿಂತಿದ್ದ ಪಾದ್ರಿ ಅಬೂನಾ ಜೆರಿಯೆಸ್ ಅವರನ್ನು ಸಾಕ್ಷಿಗೆ ಎಳೆದುಕೊಂಡು ಹೊರಟ.

ನಗರಸಭೆಯಲ್ಲಿ ಗುಮಾಸ್ತೆ ರುದೈನಾ ಕೂತಿದ್ದಳು. “ಕೂತ್ಕೊಳ್ಳಿ ಚಿಕ್ಕಪ್ಪಾ. ಕಡತ ತೆಗೆದು ನೋಡ್ತೀನಿ, ಅರ್ಧ ಗಂಟೆ.”

“ಅರ್ಧ ಗಂಟೇನಾ? ಹನ್ನೊಂದು ವರ್ಷ ಈ ಕೈಯಾರೆ ಎಣಿಸಿ ಕೊಟ್ಟಿದೀನಿ! ಕೊಟ್ಟೋನಿಗೆ ಬೆದರಿಕೆ, ಕೊಡದೋನಿಗೆ ಸನ್ಮಾನ. ಇದೇನಾ ಆಡಳಿತ?”

“ಮಗಾ, ತಾಳು,” ಎಂದರು ಅಬೂನಾ. “ಆಳೋರ ಹತ್ರ ವಿನಯ ಇರ್ಲಿ.”

“ವಿನಯ ಇರೋದಕ್ಕೇ ಕಾನೂನು ನಡೀಲಿ ಅಂತ ಕೇಳ್ತಿರೋದು, ಅಬೂನಾ! ಕಾಗದ ಕೊಡಮ್ಮಾ.”

ಬರೆದೇಬಿಟ್ಟ. ‘ಹನ್ನೊಂದು ವರ್ಷ ತೆರಿಗೆ ಕಟ್ಟದ ಕೈಸರ್ ಸ. ನಹ್ಹಾಸನ ಅಂಗಡಿಗೆ ಮುಖ ನೋಡದೆ, ನೆಂಟಸ್ತಿಕೆ ನೋಡದೆ, ಅಳುವನ್ನು ಕೇಳದೆ ಇವತ್ತೇ ಮುದ್ರೆ ಹಾಕಬೇಕು.’ ಕೆಳಗೆ ಸಹಿ ಹಾಕಿ, ಬೆರಳನ್ನು ಶಾಯಿಗೆ ಅದ್ದಿ ಹೆಬ್ಬೆಟ್ಟನ್ನೂ ಒತ್ತಿದ.

ಮುದ್ರೆ ಹಾಕುವ ಮಿಥ್ಕಾಲನ ಕಣ್ಣು ತುಂಬಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನನ್ನು ಕಲ್ಲು ಹೊಡೆದು ಓಡಿಸಿದವರುಂಟು, ಕರೆದವರಿಲ್ಲ. ಅರಗಿನ ಕಡ್ಡಿ ಹಿಡಿದು ಮದುವಣಿಗನ ಹಾಗೆ ಹೊರಟ.

ಬೀದಿಯೆಲ್ಲ ನೆರೆಯಿತು. ಚಪ್ಪಲಿ ಕೈಸರ್ ಹಸಿರು ಚೀಟಿಗೆ ಬೆನ್ನು ಕೊಟ್ಟು ಬೆವರುತ್ತಿದ್ದ. ಮಿಥ್ಕಾಲ್ ಚೀಟಿಯಲ್ಲಿನ ಅಂಗಡಿ ಸಂಖ್ಯೆ ನೋಡಿದ, ಬಾಗಿಲ ಮೇಲಿನ ಸಂಖ್ಯೆ ನೋಡಿದ, ಎರಡು ಹೆಜ್ಜೆ ಬಲಕ್ಕೆ ಸರಿದ. ಕಾಫಿ ಅಂಗಡಿಯ ಬೀಗದ ಮೇಲೆ ಕೆಂಪು ಅರಗು ತೊಟ್ಟತೊಟ್ಟಾಗಿ ಬಿತ್ತು.

“ಅಯ್ಯೋ ಕುರುಡಾ! ಅದು ನನ್ನದು!”

ಅಷ್ಟರಲ್ಲಿ ರುದೈನಾ ಕಡತ ಹಿಡಿದು ಏದುಸಿರು ಬಿಡುತ್ತ ಬಂದಳು. “ಅದಕ್ಕೇ ಅರ್ಧ ಗಂಟೆ ಕೂತ್ಕೊಳ್ಳಿ ಅಂದಿದ್ದು, ಚಿಕ್ಕಪ್ಪಾ! ರಸೀದಿ ಬಿಚ್ಚಿ ನೋಡಿ.”

ಅಬೂನಾ ಕನ್ನಡಕ ಏರಿಸಿ ಒಂದೊಂದಾಗಿ ಬಿಚ್ಚಿದರು. ಸಾಲೆಮ್‌ಗೂ ಸಲೀಂಗೂ ಅರಬಿ ಬರವಣಿಗೆಯಲ್ಲಿ ಒಂದು ಗೀಟು, ಎರಡು ಚುಕ್ಕೆ, ಅಷ್ಟೇ ವ್ಯತ್ಯಾಸ. ಮೊದಲ ವರ್ಷ ಯಾವನೋ ಗುಮಾಸ್ತ ಸಾಲೆಮ್‌ನ ಗೀಟು ಬಿಟ್ಟು ಸಲೀಂನ ಆ ಎರಡು ಚುಕ್ಕೆ ಇಟ್ಟಿದ್ದ. ಉಳಿದವರು ಹತ್ತು ವರ್ಷ ಅದನ್ನೇ ನಕಲು ಮಾಡಿದ್ದರು.

“ಸಲೀಂ ಮಗ ಕೈಸರ್... ಸಲೀಂ ಮಗ... ಇದೂ ಸಲೀಂ ಮಗ. ಮಗಾ, ನೀನು ಕೊಟ್ಟಿದ್ದು ಕೈಸರನಿಗೇ. ಯಾವ ಕೈಸರ್ ಅಂತ ನೋಡ್ಕೋಬೇಕಿತ್ತು.”

“ಹಾಗಾದ್ರೆ ಮುದ್ರೆ ತೆಗೀರಿ!”

“ದೂರು ಕೊಟ್ಟೋರು ವಾಪಸ್ ತಗೊಂಡ್ರೆ ತೆಗೀಬಹುದು,” ಎಂದಳು ರುದೈನಾ.

“ಕೊಟ್ಟೋನು ನಾನೇ ಅಲ್ವೇನಮ್ಮಾ?”

“ಆದ್ರೆ ನೀವು ಬಾಕಿದಾರರು, ಚಿಕ್ಕಪ್ಪಾ. ಬಾಕಿ ತೀರೋವರೆಗೂ ನಿಮ್ಮ ಅರ್ಜಿ ಮುಟ್ಟೋ ಹಾಗಿಲ್ಲ.”

ಸಂಜೆ ಕೈಸರ್ ಅರಗು ಮೆತ್ತಿದ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಷಟರಿನ ಸಂದಿಯಿಂದ ಕಾಫಿಗೆ ಬೆರೆಸುವ ಏಲಕ್ಕಿಯ ಘಮ ಸುಮ್ಮನೆ ಬೀದಿಪಾಲಾಗುತ್ತಿತ್ತು. ಬೆಳಿಗ್ಗೆ ಬೇಡವೆಂದಿದ್ದ ಮಾಮೂಲ್ ತಟ್ಟೆಯನ್ನು ಹೆಂಡತಿ ಪಕ್ಕದಲ್ಲಿಟ್ಟು ಹೋಗಿದ್ದಳು.

ಕೊರಳಿಗೆ ಹಸಿರು ಪಟ್ಟಿ, ಕೈಯಲ್ಲಿ ಫಲಕ ಹಿಡಿದ ಚಪ್ಪಲಿ ಕೈಸರ್ ನೇರ ಬಂದವನೇ ಇವನನ್ನು ತಬ್ಬಿಕೊಂಡ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಹನ್ನೊಂದು ವರ್ಷ ಯಾರೂ ನನ್ನ ಬಾಗ್ಲಿಗೆ ಬರ್ಲಿಲ್ಲ. ದೇವರ ಕೃಪೆ ಅಂದ್ಕೊಂಡಿದ್ದೆ. ನೀನು ಅಂತ ಗೊತ್ತೇ ಇರ್ಲಿಲ್ಲ ಕಣಪ್ಪಾ.”

ಮೂಗೊರೆಸಿಕೊಂಡು ತಟ್ಟೆಯಿಂದ ದೊಡ್ಡದೊಂದು ಮಾಮೂಲ್ ಆರಿಸಿ ಬಾಯಿಗಿಟ್ಟುಕೊಂಡ.

“ಜನವರೀಲಿ ಮರೀಬೇಡ. ಈ ಸಲ ತಪ್ಪಿದ್ರೆ ಆದರ್ಶ ನಾಗರಿಕನ ಮರ್ಯಾದೆ ಹೋಗುತ್ತೆ.”