ಹೊತ್ತು ಮುಳುಗುವುದರೊಳಗೆ ಒಂದು ಮ್ಯಾಚು

ಮೊದಲು ಕತ್ತರಿಯ ಸಣ್ಣದೊಂದು ‘ಕಚಕ್’. ಆಮೇಲೆ ಉದ್ದಕ್ಕೆ ‘ಪರ್‍ರ್ರ್...’ ಹಾಸನದ ಅವರ ಬಟ್ಟೆ ಅಂಗಡಿಯಲ್ಲಿ ಪಾಪ್ಲಿನ್ ಹರಿಯುತ್ತಿದ್ದ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕಿಂತ ದೊಡ್ಡ ಗಲಾಟೆಯನ್ನು ಆ ಮನುಷ್ಯ ಜನ್ಮದಲ್ಲಿ ಮಾಡಿದವರಲ್ಲ. ಫುಟ್‌ಬಾಲ್ ಎಂದರೆ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಹನ್ನೊಂದು ಜನಕ್ಕೆ ಎಷ್ಟು ಮೀಟರ್ ಬಟ್ಟೆ ಬೇಕು! ಅಂಥವರು ಹೋದ ಸೀಸನ್ನಿನಲ್ಲಿ ನಮ್ಮ ಕ್ಲಬ್ಬಿನ ಮ್ಯಾನೇಜರಾದರು. ನಗಬೇಡಿ. ನಾನೂ ನಕ್ಕಿದ್ದೆ. ಅದರ ಪ್ರಾಯಶ್ಚಿತ್ತಕ್ಕೇ ಈಗ ಬರೆಯುತ್ತಿದ್ದೇನೆ.

ಅವರ ಹೆಂಡತಿ ವಿಮಲ ನನ್ನ ಕಾನ್ವೆಂಟ್ ಕ್ಲಾಸ್‌ಮೇಟ್. ಹೊರಗಿನ ಹುಡುಗರ ಚೆಂಡೊಂದು ನಮ್ಮ ಕಾಂಪೌಂಡಿಗೆ ಬಿದ್ದಾಗ ಅದನ್ನು ವಾಪಸು ಒದೆಯಲು ಹೋಗಿ ಚಾಪೆಲ್ಲಿನ ಗಾಜು ಒಡೆದವಳು. ‘ಗರ್ಲ್ಸ್ ಡೋಂಟ್ ಕಿಕ್!’ ಎಂದು ಸಿಸ್ಟರ್ ಮಂಡಿಯೂರಿಸಿದರು. ಮಂಡಿ ತರಚಿತು, ಹುಚ್ಚು ಬಿಡಲಿಲ್ಲ. ಮುಂದೆ ಹಾಸನದ ಕ್ಲಬ್ಬಿಗೆ ಇವಳೇ ಪ್ರೆಸಿಡೆಂಟ್. ನನಗೆ ಕಾಫಿ ಫ್ಲಾಸ್ಕು ಹಿಡಿದುಕೊಳ್ಳುವ ಪೋಸ್ಟು. ಪರ್ಮನೆಂಟ್!

ಆದರೆ ಒಂದು ತಾಪತ್ರಯ. ಅವರದು ಜೈನರ ಮನೆ. ಯಜಮಾನರ ರಾತ್ರಿಯೂಟ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು, ಬಡಿಸಲು ಹೆಂಡತಿಯೇ ಬೇಕು. ಹಾಗಾಗಿ ಹಾಫ್‌ಟೈಮ್ ವಿಷಲ್ ಊದಿದರೆ ವಿಮಲ ಆಟೋ ಹತ್ತಿದಳೆಂದೇ ಅರ್ಥ. ಅಷ್ಟು ವರ್ಷದಲ್ಲಿ ಅವಳು ಒಂದೇ ಒಂದು ಮ್ಯಾಚಿನ ಕೊನೆ ನೋಡಲಿಲ್ಲ. ಬಡಿಸಿ ಮುಗಿಸಿ ಫೋನ್ ಮಾಡುವಳು: “ಏನೇ, ಕೊನೆಗೆ ಏನಾಯ್ತೇ?” ಸೋತಿದ್ದೇವೆಂದು ಹೇಗೆ ಹೇಳಲಿ? ಆರು ಗೋಲು ತಿಂದ ದಿನವೂ “ಡ್ರಾ, ಮೈ ಡಿಯರ್” ಎಂದಿದ್ದೇನೆ. ಮಾರಲ್ ಸೈನ್ಸಿನಲ್ಲಿ ನಾನು ಕ್ಲಾಸಿಗೇ ಫಸ್ಟ್, ನೆನಪಿರಲಿ.

ವಿಮಲ ತೀರಿಹೋದಳು. ಆ ವರ್ಷ ಕ್ಲಬ್ಬು ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಕೋಚು ಬೇರೆ ಊರು ಸೇರಿದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ನಾಲ್ಕೇ ತಂಡಗಳ ಲೀಗು ನಮ್ಮದು. ಅದರಲ್ಲಿ ಸತತ ಎರಡು ಸಲ ಕೊನೆಗೆ ಬಂದ ತಂಡವನ್ನು ಹೊರಗೆ ಹಾಕುವ ರೂಲು. ಅಂದರೆ ಇನ್ನೊಂದು ಸಲ ಕೊನೆಗೆ ಬಂದರೆ ವಿಮಲಳ ಕ್ಲಬ್ಬಿಗೆ ಬೀಗ! ಈ ಹೊತ್ತಿನಲ್ಲಿ ಕಮಿಟಿಯವರು ಜೆರ್ಸಿಗೆ ಬಟ್ಟೆ ಕೇಳಲು ಅಂಗಡಿಗೆ ಹೋದರೆ ಇವರು, “ಬಟ್ಟೆ ಕೊಡ್ತೀನಿ. ಬಟ್ಟೆ ಜೊತೆ ನಾನೂ ಬರ್ತೀನಿ” ಎಂದುಬಿಟ್ಟರು. ಬಟ್ಟೆ ಬಿಡಲು ಯಾರಿಗೂ ಮನಸ್ಸಾಗಲಿಲ್ಲ. ಮ್ಯಾನೇಜರನ್ನೂ ತಂದರು.

ಮೊದಲ ದಿನದ ಪ್ರಾಕ್ಟೀಸಿನಲ್ಲೇ ಅವರ ಕೋಚಿಂಗ್ ಶುರು. “ನೋಡ್ರಪ್ಪ, ಎದುರಿನವನು ಗಿರಾಕಿ ಇದ್ದ ಹಾಗೆ. ಕೈ ಹಿಡಿದು ಎಳೀಬಾರದು, ಕಾಲು ಕೊಟ್ಟು ಬೀಳಿಸಬಾರದು. ದಾರಿಗೆ ಅಡ್ಡ ನಿಂತ್ಕೋಬೇಕು, ಅಷ್ಟೆ. ತಾನಾಗೇ ನಿಲ್ತಾನೆ.”

ಹಳ್ಳಿಮೈಸೂರಿನಿಂದ ಹಾಲಿನ ವ್ಯಾನು ಓಡಿಸಿಕೊಂಡು ಬರುವ ಕ್ಯಾಪ್ಟನ್ ಲೋಕಿ ತಲೆ ಕೆರೆದುಕೊಂಡ. “ನಿಲ್ದಲೇ ಓದ್ರೆ ಸಾ?”

“ಹೋಗಲಿ ಬಿಡು. ಇನ್ನೊಂದು ದಿನ ಬರ್ತಾನೆ.”

ಮೊದಲ ಮ್ಯಾಚು ನಮ್ಮೂರಲ್ಲೇ, ಹೊಳೆನರಸೀಪುರದ ಮೇಲೆ. ಹಾಫ್‌ಟೈಮಿಗೆ ನಾವು ಒಂದು ಗೋಲು ಮುಂದೆ! ನನಗೆ ಕಣ್ಣು ನಂಬಲಾಗಲಿಲ್ಲ. ಅಷ್ಟರಲ್ಲಿ ಮ್ಯಾನೇಜರರ ಊಟದ ಹೊತ್ತಾಯಿತು. ಹನ್ನೊಂದು ಮಕ್ಕಳು ಬೆವರು ಒರೆಸಿಕೊಳ್ಳುತ್ತಿರುವಾಗ ಎದುರಿಗೆ ಒಬ್ಬರೇ ಉಣ್ಣುವುದು ಹೇಗೆ? ಅದು ಅವರ ಮನೆತನದಲ್ಲೇ ಇಲ್ಲ. ಆಟೋದಿಂದ ದೊಡ್ಡ ದೊಡ್ಡ ಕ್ಯಾರಿಯರ್ ಇಳಿದವು. ಚಪಾತಿ, ಹೆಸರುಕಾಳಿನ ಪಲ್ಯ, ತುಪ್ಪ ಸೋರುವ ಕೇಸರಿಬಾತು. “ನಾಚ್ಕೋಬೇಡಿ, ಇನ್ನೊಂದು ಹಾಕಿಸ್ಕೊಳ್ಳಿ” ಎಂದು ತಾವೇ ಬಡಿಸಿದರು. ಹುಡುಗರು ನಾಚಿಕೊಳ್ಳಲಿಲ್ಲ. ಪರಿಣಾಮ? ಒಂದಕ್ಕೆ ನಾಲ್ಕು ಗೋಲಿನ ಸೋಲು.

ಗೋಲ್‌ಕೀಪರ್ ಮಂಜ ನನ್ನ ಹತ್ತಿರ ಬಂದು ಕೂತ. “ಬಾಲು ಬರೋದು ಕಾಣ್ತಿತ್ತು ಕಣವ್ವಾ. ಒಟ್ಟೆ ಬಗ್ಗಾಕೆ ಬಿಡ್ನಿಲ್ಲ.”

ಅಂದಿನಿಂದ ಹಾಫ್‌ಟೈಮಿನಲ್ಲಿ ಆಟಗಾರರಿಗೆ ಊಟ ಬ್ಯಾನ್.

ಎರಡನೆಯದು ಅರಕಲಗೂಡಿನಲ್ಲಿ. ಟಾಸ್ ಆಯಿತು, ರೆಫರಿ ವಿಷಲ್ ಬಾಯಿಗಿಟ್ಟ. “ಸ್ವಲ್ಪ ತಡೀರಿ!” ಎಂದು ನಮ್ಮವರು ಪಂಚೆ ಎತ್ತಿ ಕಟ್ಟಿ ಮೈದಾನದ ನಡುವಿಗೆ ಓಡಿದರು. ಅಲ್ಲಿ ಕೆಂಜಿಗದ ಸಾಲು! ಇಪ್ಪತ್ತೆರಡು ಜೊತೆ ಬೂಟು ಅವುಗಳ ಮೇಲೆ ಓಡುವುದೇ? ಟೀ ಅಂಗಡಿಯಿಂದ ಸಕ್ಕರೆ ತಂದು ಸಣ್ಣಗೆ ಗೆರೆ ಎಳೆಯುತ್ತ, ಬರ್ರಮ್ಮ ಬರ್ರಿ ಎನ್ನುತ್ತ ಹೊರಟರು. ಹೊರಗೆ ಕರೆದೊಯ್ಯುವ ಉದ್ದೇಶವೇನೋ ಒಳ್ಳೆಯದೇ. ಆದರೆ ಸಕ್ಕರೆ ಖಾಲಿಯಾದದ್ದು ಅರಕಲಗೂಡಿನವರ ಗೋಲಿನ ಬಾಯಲ್ಲಿ. ಅವರ ಕೀಪರ್ ಕುಣಿದದ್ದೇ ಕುಣಿದದ್ದು. ನಾವು ಎರಡು ಗೋಲು ಹೊಡೆದೆವು. ವಿಕ್ಟರಿ ಗ್ಯಾರಂಟಿ ಎಂದು ನಾನು ಫ್ಲಾಸ್ಕು ತೆರೆದೆ. ಹಾಫ್‌ಟೈಮಾದ ಮೇಲೆ ತಂಡಗಳು ಗೋಲು ಬದಲಾಯಿಸುತ್ತವೆ ಎಂಬುದನ್ನು ಮರೆತಿದ್ದೆ!

“ಸಾ, ಕಚ್ತಾವೆ ಸಾ!” ಮಂಜ ಚಡ್ಡಿ ಕೊಡವಿದ.

“ಒರೆಸಬೇಡಪ್ಪ, ಸತ್ತಾವು. ಮೆತ್ತಗೆ ಊದು!”

“ಊದಾನಾ, ಬಾಲ್ ಇಡಿಯಾನಾ ಸಾ?”

ಎರಡೂ ಆಗಲಿಲ್ಲ. ಎರಡು-ಎರಡು, ಡ್ರಾ. ನಿಜವಾದ ಡ್ರಾ! ಹೇಳಿಕೊಳ್ಳಲು ಫೋನಿನ ಆ ಕಡೆ ಯಾರೂ ಇರಲಿಲ್ಲ.

ಉಳಿದದ್ದು ಚನ್ನರಾಯಪಟ್ಟಣದ ಮೇಲಿನ ಮ್ಯಾಚು, ಹಾಸನದಲ್ಲಿ. ಸೋಲದಿದ್ದರೆ ಕ್ಲಬ್ಬು ಉಳಿಯುತ್ತದೆ, ಸೋತರೆ ಮುಗಿಯಿತು. ಹಾಫ್‌ಟೈಮಿಗೆ ಒಂದು ಗೋಲು ಹಿಂದೆ. ಮ್ಯಾನೇಜರ್ ಕ್ಯಾರಿಯರ್ ಮುಟ್ಟಲೇ ಇಲ್ಲ.

“ಹೊತ್ತಾಗ್ತಿದೆಯಲ್ಲ, ಊಟ?” ಎಂದೆ.

“ಆಮೇಲೆ.”

ಆಮೇಲೆ! ಅವರ ಡಿಕ್ಷನರಿಯಲ್ಲಿ ಊಟಕ್ಕೆ ಆ ಪದವೇ ಇರಲಿಲ್ಲ. ಸೂರ್ಯ ಆಗಲೇ ನೀಲಗಿರಿ ಮರಗಳ ತುದಿಗೆ ಬಂದಿದ್ದ. ಮಂಜ ಕ್ಯಾರಿಯರನ್ನೇ ನೋಡುತ್ತ ನಿಂತ. “ಸಾ, ನೀವು ಉಣ್ಣಾಕಿಲ್ವಾ? ಅಂಗಾದ್ರೆ ಸುಮ್ನೆ ಕೆಟ್ಟೋಯ್ತದೆ ಸಾ.” ಇವರು ಮೈದಾನದಿಂದ ಕಣ್ಣು ಕೀಳದೆ ಕೈ ಆಡಿಸಿದರು. ಬೇಡ ಅಂದರೋ, ತಗೋ ಅಂದರೋ, ಮಂಜ ತನಗೆ ಬೇಕಾದ ಹಾಗೆ ತಿಳಿದುಕೊಂಡ. ಏಳು ಚಪಾತಿ. ನಾನೇ ಎಣಿಸಿದೆ.

ಕೊನೆಯ ನಿಮಿಷ. ಲೋಕಿ ಗಿರಾಕಿ ಸೂತ್ರದಂತೆ ಅಡ್ಡ ನಿಂತ. ಚನ್ನರಾಯಪಟ್ಟಣದವನು ರೇಗಿ ಅವನನ್ನು ನೂಕಿದ. ನಮಗೆ ಫ್ರೀ ಕಿಕ್! “ಬತ್ತೀನಿ ಇರ್ಲಾ ಲೋಕಿ!” ಎಂದು ಮಂಜ ತನ್ನ ಗೋಲು ಬಿಟ್ಟು ಅಷ್ಟುದ್ದ ಓಡಿ ಬಂದು ಎದುರಾಳಿಗಳ ನಡುವೆ ನುಗ್ಗಿದ. ಚೆಂಡು ಬಂತು. ಬಗ್ಗಲು ಹೋದ, ಆಗಲಿಲ್ಲ. ಚೆಂಡು ನೇರವಾಗಿ ಅವನ ಹೊಟ್ಟೆಗೆ ಬಡಿದು ಪುಟಿದು ಗೋಲಿನೊಳಕ್ಕೆ! ಒಂದು-ಒಂದು. ಫೈನಲ್ ವಿಷಲ್! ಹುಡುಗರೆಲ್ಲ ಸೇರಿ ಮಂಜನ ಹೊಟ್ಟೆಗೆ ಮುತ್ತಿಟ್ಟರು. ಆ ಮುತ್ತುಗಳಲ್ಲಿ ಅರ್ಧ ಪಾಲು ಏಳು ಚಪಾತಿಗಳಿಗೆ ಸೇರಬೇಕು ಎನ್ನುವುದು ನನ್ನ ಅಭಿಪ್ರಾಯ.

ಆಟಗಾರರು ಹಾಡುತ್ತ ಹೋದರು. ಹೊತ್ತು ಮುಳುಗಿತ್ತು. ಇವರು ಮಾತ್ರ ಖಾಲಿ ಕ್ಯಾರಿಯರ್ ಹಿಡಿದು ಗೆರೆಯ ಹತ್ತಿರವೇ ನಿಂತಿದ್ದರು. ಇನ್ನು ನಾಳೆ ಬೆಳಗಿನವರೆಗೆ ಉಪವಾಸ. ನಾನು ಫ್ಲಾಸ್ಕು ಮುಂದೆ ಹಿಡಿದವಳು, ಅದೂ ಆಗದೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ.

“ಕೊನೆ ಅಂದ್ರೆ ಹಿಂಗಿರುತ್ತಾ?” ಎಂದರು. “ಒಂದು ದಿನ, ನಾನೇ ಬಡಿಸ್ಕೋತೀನಿ, ನೀನು ನೋಡ್ಕೊಂಡು ಬಾ ಅಂತ ಹೇಳ್ಬಹುದಾಗಿತ್ತು ನೋಡಿ. ಹೊಳೀಲೇ ಇಲ್ಲ.”

ನಾನು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದೆ.

“ಫೋನು ನಮ್ಮ ಊಟದ ಮನೇಲೇ ಇತ್ತಲ್ಲ. ನೀವು ಹೇಳಿದ್ದನ್ನು ಕೇಳಿ, ಫೋನ್ ಇಟ್ಟು, ‘ಇವತ್ತೂ ಡ್ರಾ ಅಂತೆ’ ಅಂತ ನಗೋಳು. ಅವಳಿಗೆ ಎಲ್ಲಾ ಗೊತ್ತಿತ್ತು.”

ನಾನು ಅವರನ್ನು ನೋಡಿದ್ದು ಅದೇ ಕೊನೆ. ಅದೇ ವಾರ ಅಂಗಡಿ ತಮ್ಮನಿಗೆ ವಹಿಸಿ ಮಗಳಿರುವ ದಾವಣಗೆರೆಗೆ ಹೊರಟುಹೋದರು. ಮ್ಯಾಚಿನ ಆ ಸಂಜೆ ಗೇಟಿನವರೆಗೆ ಹೋದವರು ತಿರುಗಿ ನಿಂತರು. ಮಬ್ಬಿನಲ್ಲಿ ಬಿಳಿ ಪಂಚೆ ಮಾತ್ರ ಕಾಣುತ್ತಿತ್ತು.

“ಈಗ ಅವಳು ಕೇಳಿದ್ರೆ ಏನಂತೀರಿ?”

“ಡ್ರಾ ಅಂತೀನಿ.”

“ಹ್ಞೂಂ. ಕೊನೇವರೆಗೂ ನಾನೂ ಇದ್ದೆ ಅಂತ ಹೇಳಿ. ಆಗ ನಂಬ್ತಾಳೆ.”