ಅಂದಾನೆಪ್ಪ ಮಾಸ್ತರರ ಗಣಕವಿಜಯ

ಎಲೈ ವಾಗ್ದೇವಿಯೇ, ವೀಣಾಪುಸ್ತಕಧಾರಿಣಿಯೇ, ಕೊಂಚ ಈ ಕಡೆ ಕಿವಿಗೊಡು. ರಾಜರ ಕಾಳಗಗಳನ್ನು ಹಾಡಿಸಿದ್ದು ಸಾಕು. ಆನೆ ಕುದುರೆಗಳ ಲೆಕ್ಕ ಕೇಳಿ ಕೇಳಿ ನನ್ನ ಕಿವಿ ತೂತಾಗಿವೆ. ಕಲಿಯುಗದ ಪ್ರಥಮ ಪಾದದಲ್ಲಿ, ಮಗ್ಗಗಳ ಲಟಪಟ ನಾದದಿಂದ ದಶದಿಕ್ಕುಗಳನ್ನು ತುಂಬುವ ಬೆಟಗೇರಿಯೆಂಬ ಪುಣ್ಯಪುರದಲ್ಲಿ, ವಿಜಯದಶಮಿಯ ಶುಭದಿನ, ಹೋಳಿಗೆಯೂಟ ಮುಗಿದು ದೀಪ ಹಚ್ಚುವುದರೊಳಗೆ ನಡೆದುಹೋದ ಘೋರ ಸಂಗ್ರಾಮವನ್ನು ನನ್ನ ನಾಲಗೆಯ ಮೇಲೆ ನಿಂತು ನುಡಿಸು. ನಡುವೆ ನಗು ಬಂದರೆ ಸೆರಗನ್ನು ಅಡ್ಡ ಹಿಡಿದುಕೋ. ವೀರರಿಗೆ ಬೇಸರವಾದೀತು.

ನಿವೃತ್ತಚಿತ್ರಕಲಾಶಿಕ್ಷಕಕುಲತಿಲಕರೂ, ಸೀಮೆಸುಣ್ಣಧೂಳಿಧೂಸರಿತಕರಪಲ್ಲವರೂ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮನೆಯೆಲ್ಲ ಹುಡುಕುವ ಮಹಾನುಭಾವರೂ ಆದ ಅಂದಾನೆಪ್ಪ ಮಾಸ್ತರರೇ ಈ ಕಥೆಯ ನಾಯಕರು. ಅವರ ಪಡಸಾಲೆಗೆ ಇರುವುದು ಒಂದೇ ಕಿಟಕಿ. ಆ ಕಿಟಕಿಯ ಕೆಳಗಿನ ಮೇಜೇ ಅವರ ರಾಜ್ಯ, ಮೇಜಿನ ಮೇಲಿನ ಹಳೆಯ ಕಂಪ್ಯೂಟರೇ ಅವರ ಪಟ್ಟದಾನೆ. ಬೇಸಗೆಯ ಸೆಕೆಯಲ್ಲಿ ಗಾಳಿಯಾಡಲೆಂದು ಅದರ ಮಗ್ಗುಲಿನ ತಗಡನ್ನು ಎಂದೋ ಬಿಚ್ಚಿಟ್ಟು, ತೆರೆದ ಹೊಟ್ಟೆ ಯಾರಿಗೂ ಕಾಣದಿರಲೆಂದು ಗೋಡೆಯ ಕಡೆಗೆ ತಿರುಗಿಸಿದ್ದರು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡೆಂಬ ಹಲಗೆ ಆ ಹೊಟ್ಟೆಯೊಳಗಿತ್ತು. ಅದು ಕಾಯದಂತೆ ನೋಡಿಕೊಳ್ಳಲು ಅದರ ಬೆನ್ನ ಮೇಲೊಂದು ಸಣ್ಣ ಪಂಕ. ಅದರ ಮಾತನ್ನು ಕಂಪ್ಯೂಟರಿಗೆ ತಿಳಿಹೇಳಲು ಡ್ರೈವರ್ ಎಂಬ ಅದೃಶ್ಯ ಸಾರಥಿ.

ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಕತ್ತರಿ, ಇಳಿಗೆಮಣೆ, ಹೊಲಿಗೆ ಯಂತ್ರ, ಸೈಕಲ್ಲು, ಎಲ್ಲಕ್ಕೂ ವಿಭೂತಿಯ ಪಟ್ಟೆಗಳು ಬಿದ್ದಿದ್ದವು. ಮಾಸ್ತರರ ಧರ್ಮಪತ್ನಿ ಕಮಲಾಕ್ಷಮ್ಮ ಬಾಳೆನಾರಿನಲ್ಲಿ ತಾನೇ ಕಟ್ಟಿದ ಸೇವಂತಿಗೆಯ ದಂಡೆಯನ್ನು ಗಂಡನ ಕೈಗೆ ಕೊಟ್ಟು, "ಪೆಟ್ಟಿಗಿ ಮ್ಯಾಲ ಒಂದ್ ತುಂಡು ಇಡ್ರಿ, ಸಾಕು," ಎಂದು ಹೇಳಿಯೂ ಇದ್ದಳು.

ಇನ್ನು ಸೀಮೋಲ್ಲಂಘನದ ಮಾತು. ವಿಜಯದಶಮಿಯ ಸಂಜೆ ಊರ ಗಂಡಸರು ಎಲ್ಲೆ ದಾಟಿ ಬನ್ನಿಗಿಡಕ್ಕೆ ಹೋಗಿ ಬರುವುದು ಪದ್ಧತಿ. ಮಾಸ್ತರರಿಗೆ ಮೊಣಕಾಲು ನೋವು. ಆದ್ದರಿಂದ ಅವರೂ ಅವರ ಹೆಂಡತಿಯ ತಮ್ಮ ಪ್ರಭುಲಿಂಗನೂ ಪ್ರತಿವರ್ಷ ಈ ಶಾಸ್ತ್ರವನ್ನು ಕಂಪ್ಯೂಟರಿನ ಕಾರ್ ರೇಸಿನಲ್ಲಿ ಮುಗಿಸುತ್ತಿದ್ದರು. ಯಾರ ಕಾರು ಮೊದಲು ಗೆರೆ ದಾಟುವುದೋ ಅವರದೇ ಸೀಮೋಲ್ಲಂಘನ. ಅಂದು ಮಾಸ್ತರರು ತಾಲೀಮಿಗೆಂದು ಆಟ ತೆರೆದರು. ಕಾರು ಮೊದಲ ತಿರುವನ್ನು ಮುಟ್ಟಿತು. ಪರದೆ ಕಪ್ಪಾಯಿತು. ಆಮೇಲೆ ಅಲ್ಲೊಂದು ಒಕ್ಕಣೆ ಮೂಡಿತು: ಡ್ರೈವರ್ ಕೈಚೆಲ್ಲಿದ್ದಾನೆ.

ಎಷ್ಟೋ ಕಾಲದಿಂದ ಈ ಗಳಿಗೆಗಾಗಿ ಕಾದಿದ್ದ ಕಮಲಾಕ್ಷಮ್ಮ ಸೌಟು ಹಿಡಿದೇ ಪಡಸಾಲೆಗೆ ಬಂದಳು.

"ನೋಡ್ರಿ, ಮೂಲ್ಯಾಗ ಕುಂತು ಸೂಜಿಗೆ ದಾರ ಪೋಣಿಸಿ ಪೋಣಿಸಿ ನನ್ನ ಕಣ್ಣು ಹೋಗಾಕತ್ತಾವ. ಕಿಟಕಿ ಬೆಳಕು ನಿಮ್ಮ ಪೆಟ್ಟಿಗಿಗೆ ಯಾಕ ಬೇಕು? ಅದರ ಹೊಟ್ಟ್ಯಾಗ ತಾನ ದೀಪ ಐತಿ. ಕೆಟ್ಟರೂ ಅದಕ್ಕ ಮೇಜು, ದುಡಿದರೂ ನನಗ ಮೂಲಿ, ಇದ್ಯಾವ ನ್ಯಾಯ?"

"ಕೆಟ್ಟಿಲ್ಲ ಅದು. ಸ್ವಲ್ಪ ಮುನಿಸಿಕೊಂಡೈತಿ," ಎಂದರು ಮಾಸ್ತರರು.

"ಹಂಗಾದ್ರ ದೀಪಾ ಹಚ್ಚೂದ್ರಾಗ ಮುನಿಸು ಬಿಡಿಸ್ರಿ. ನೆಟ್ಟಗಾದ್ರ ಮೇಜು ನಿಮ್ಮದು. ಇಲ್ಲಂದ್ರ ನನ್ನ ಹೊಲಿಗಿ ಮಿಷನ್ ಅಲ್ಲಿ ಕುಂದರತೈತಿ. ಆಮ್ಯಾಲ ಗೊಣಗಬಾರದು."

ರಾಜ್ಯ ಪಣಕ್ಕೆ ಬಿತ್ತು. ಹಬ್ಬದೂಟಕ್ಕೆ ಬಂದಿದ್ದ ಪ್ರಭುಲಿಂಗ, ಅಂದರೆ ನಟ್ಟುಬೋಲ್ಟುವ್ಯಾಪಾರಧುರಂಧರನೂ ಯೂಟ್ಯೂಬಾಖ್ಯಗುರುಮುಖೋದ್ಗತಸಕಲವಿದ್ಯನೂ ಆದ ಆ ತರುಣ, ಹೋಳಿಗೆಯ ತುಪ್ಪವನ್ನು ಕರವಸ್ತ್ರಕ್ಕೆ ಒರೆಸುತ್ತ ರಣರಂಗಕ್ಕೆ ಇಳಿದನು. ಮಾಸ್ತರರು ಅವನಿಗೆ ಅಂದದ್ದು ಇಷ್ಟೇ: "ಪ್ರಭ್ಯಾ, ಕುರ್ಚಿ ಎಳಕೋ. ನಾ ಅದೀನಿ." ಇಷ್ಟನ್ನೇ ಹೇಳಿದರೆ ಕೇಳುವವರು ಚಾಪೆ ಸುತ್ತಿಕೊಂಡು ಎದ್ದುಹೋಗುತ್ತಾರೆ. ಅವರ ಎದೆಯೊಳಗೆ ಗುಡುಗಿದ ಮಾತನ್ನೇ ಕೇಳಿರಿ.

"ಎಲೈ ಭಾರ್ಯಾನುಜನೇ, ನೋಡು ಈ ಭುಜಗಳನ್ನು. ಶಾಲೆಯ ಗೋಡೆಗಡಿಯಾರವನ್ನು ಬಿಚ್ಚಿ ಪುನಃ ಜೋಡಿಸಿದ ಭುಜಗಳಿವು. ಅಂದು ಕೆಲವು ತಿರುಪುಗಳು ಉಳಿದವೆಂಬುದು ವೈರಿಗಳ ಅಪಪ್ರಚಾರ. ಸೂರ್ಯನು ಅಸ್ತಾಚಲವನ್ನು ಸೇರುವ ಮುನ್ನ ಈ ಯಂತ್ರವನ್ನು ಎಬ್ಬಿಸದಿದ್ದರೆ ನಾನು ಜಿಲ್ಲಾ ಮಟ್ಟದ ರಂಗೋಲಿ ಸ್ಪರ್ಧೆಯ ತೀರ್ಪುಗಾರನೇ ಅಲ್ಲ."

ಪ್ರಭುಲಿಂಗ ಉತ್ತರವಾಗಿ, "ಮಾಮಾರ, ನೀವು ಸರೀರಿ. ನಾ ವಿಡಿಯೊ ನೋಡೀನಿ," ಎಂದನು. ಅವನ ಮಾತಿಗೆ ನಾನು ಒಂದಕ್ಷರವನ್ನೂ ಸೇರಿಸುವುದಿಲ್ಲ. ಈ ಕಾಲದಲ್ಲಿ ಅದಕ್ಕಿಂತ ದೊಡ್ಡ ವೀರಾಲಾಪ ಇನ್ನೊಂದಿಲ್ಲ.

ಪ್ರಥಮಾಸ್ತ್ರವಾಗಿ ಅವನು ಅಂತರ್ಜಾಲದಿಂದ ನೂತನ ಡ್ರೈವರನ್ನು ಆವಾಹಿಸಿದನು. ಆ ಹೊಸ ಸಾರಥಿಯು ಮೂಟೆಗಟ್ಟಲೆ ಗಾತ್ರದವನಾಗಿ ಬಹಳ ಹೊತ್ತು ತೆವಳಿ ಬಂದು, ಕಾರ್ಡಿನ ಮುಖ ನೋಡಿ, ಇಷ್ಟು ಹಳೆಯವರ ಹತ್ತಿರ ನಾನು ಚಾಕರಿ ಮಾಡಲಾರೆ ಎಂದು ಬಾಗಿಲಿನಿಂದಲೇ ಹಿಂದಿರುಗಿದನು. ಆಗ ಮಾಸ್ತರರು ಕೆರಳಿ ಹಳೆಯ ಡ್ರೈವರನ್ನೂ ಕಿತ್ತುಹಾಕಿಸಿದರು. ಪರದೆಯ ಮೇಲಿನ ಚಿತ್ರಗಳೆಲ್ಲ ಹಪ್ಪಳದಷ್ಟು ಅಗಲವಾಗಿ ಕುಳಿತವು. ಸಾರಥಿಯಿಲ್ಲದೆ ರೇಸು ತೆರೆಯಲೇ ಒಲ್ಲದು.

"ನೆಟ್ಟಗಿದ್ದಿದ್ದನ್ನೂ ಕೆಡಿಸಿದ್ರಲ್ಲ ಮಾಮಾರ," ಎಂದ ಪ್ರಭುಲಿಂಗ.

"ನಾ ಕೆಡಿಸಿದೆನೋ? ಹೋದ ತಿಂಗಳು ಬಂದು ಇದರಾಗ ಈಜಾಡೋ ಮೀನಿನ ಚಿತ್ರ ತುಂಬಿದವ ಯಾರು? ಅವತ್ತಿನಿಂದ ಇದರ ತಲಿ ಕೆಟ್ಟೈತಿ. ಎಲ್ಲಾ ನಿನ್ನ ಮೀನಿನ ಪ್ರಸಾದ."

"ಮೀನ ಏನ್ ಮಾಡ್ಯಾವ್ರಿ ಪಾಪ, ಸುಮ್ನ ಈಜ್ತಾವ."

"ಈಜಿ ಈಜಿನ ಕೆಡಿಸ್ಯಾವ."

ಒಳಗಿನಿಂದ ಕಮಲಾಕ್ಷಮ್ಮ, "ಮೇಜಿನ ಮ್ಯಾಲಿನ ಧೂಳು ಈಗ ಒರಸಲೋ, ಆಮ್ಯಾಲ ಒರಸಲೋ?" ಎಂದು ಕೂಗಿ ಕೇಳಿದಳು. ಇಬ್ಬರೂ ಒಮ್ಮೆಲೇ ಪರದೆಯ ಕಡೆಗೆ ತಿರುಗಿದರು.

ಆಗ ಮಾಸ್ತರರ ಚಿತ್ತದಲ್ಲಿ ಮಿಂಚೊಂದು ಹೊಳೆಯಿತು. ಕಾರ್ಡಿನ ಜೊತೆಗೆ ಬಂದಿದ್ದ ಮೂಲ ಡ್ರೈವರಿನ ಸೀಡಿ, ಆ ರಜತಮಂಡಲಸದೃಶ ಚಕ್ರಾಯುಧ, ಮನೆಯಲ್ಲೇ ಇದೆ. ಎಲ್ಲಿದೆ ಎಂಬುದೂ ನೆನಪಾಯಿತು. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಕಾಗೆ ಬಾರದಿರಲೆಂದು ಅವರೇ ಅದನ್ನು ದಾರ ಕಟ್ಟಿ ತೂಗಬಿಟ್ಟಿದ್ದರು. ಪ್ರಭುಲಿಂಗ ಏಣಿ ಹತ್ತಿ ಬಿಚ್ಚಿ ತಂದನು. ಬೇಸಗೆ ಮಳೆಗಾಲಗಳನ್ನೆಲ್ಲ ನುಂಗಿಕೊಂಡ ಆ ಚಕ್ರದ ಮೇಲೆ ಕಾಗೆಗಳು ತಮ್ಮ ಅಭಿಪ್ರಾಯವನ್ನು ಬಿಟ್ಟು ಹೋಗಿದ್ದವು. ಕಂಪ್ಯೂಟರು ಅದನ್ನು ಬಾಯಿಗೆ ಹಾಕಿಕೊಂಡು ಗರಗರನೆ ಅಗಿದು ಹೊರಗೆ ಉಗುಳಿತು.

ಹೊತ್ತು ಇಳಿಯುತ್ತಿತ್ತು. ಪ್ರಭುಲಿಂಗ, "ನನ್ನ ಗೆಳ್ಯಾನ ಹಂತ್ಯಾಕ ಹಳೇ ಡ್ರೈವರ್ ಸಿಗತೈತಿ, ಪೆನ್ ಡ್ರೈವಿನಾಗ ಹಾಕ್ಕೊಂಡ ಬರ್ತೀನಿ," ಎಂದು ಸ್ಕೂಟರು ಏರಿದನು. ಪಡಸಾಲೆಯಲ್ಲಿ ಮಾಸ್ತರರು ಒಬ್ಬರೇ ಉಳಿದರು.

ಬೇಗನೆ ಬನ್ನಿಗಿಡಕ್ಕೆ ಹೋಗಿ ಬಂದ ಅಕ್ಕಪಕ್ಕದವರು ಬಂಗಾರವೆಂದು ಕೊಟ್ಟುಹೋಗಿದ್ದ ಬನ್ನಿ ಎಲೆ ಅವರ ಅಂಗಿಯ ಜೇಬಿನಲ್ಲಿತ್ತು. ಅವರಿಗೆ ನಿಜವಾಗಿ ದುಃಖವಾಗಿತ್ತು. ಗಲ್ಲಿಯ ಮುದುಕರ ಕಪ್ಪುಬಿಳುಪು ಫೋಟೊಗಳಿಗೆ ಬಣ್ಣ ತುಂಬಿದ್ದು ಇದೇ ಕಂಪ್ಯೂಟರಿನಲ್ಲಿ. ನೌಕರಿ ಮುಗಿದ ಮೇಲೆ ಮಧ್ಯಾಹ್ನಗಳನ್ನು ಕಳೆಯಲು ಜೊತೆಗಿದ್ದದ್ದೂ ಇದೇ. ಮೂಲೆಗೆ ಹೋಗುವವನಿಗೆ ಕೊನೆಯದಾಗಿ ಬನ್ನಿ ಕೊಟ್ಟು ಬಿಡೋಣವೆಂದು, ಒಂದು ಎಸಳನ್ನು ಅದರ ನೆತ್ತಿಯ ಮೇಲಿಟ್ಟು, "ಬಂಗಾರದಂಗ ಇರೂಣಪ್ಪಾ," ಎಂದರು. ಎಲೆ ಜಾರಿ ಗೋಡೆಯ ಸಂದಿಗೆ ಬಿದ್ದಿತು. ತೆಗೆಯಲು ಪೆಟ್ಟಿಗೆಯನ್ನು ತಿರುಗಿಸಿದರು. ಹಣೆಯ ಮೇಲಿನ ಕನ್ನಡಕ ಅದೃಷ್ಟವಶಾತ್ ತಾನಾಗಿಯೇ ಮೂಗಿಗೆ ಇಳಿಯಿತು.

ಕಾರ್ಡಿನ ಪಂಕದ ಅಲಗುಗಳ ನಡುವೆ, ಬಾಳೆನಾರಿನ ಸಮೇತ, ಸುಟ್ಟ ಹೋಳಿಗೆಯ ಅಂಚಿನಂತೆ ಕಂದುಬಣ್ಣಕ್ಕೆ ತಿರುಗಿದ ಸೇವಂತಿಗೆಯೊಂದು ಸಿಕ್ಕಿಕೊಂಡಿತ್ತು.

ಅವರಿಗೆ ಎಲ್ಲವೂ ನೆನಪಾಯಿತು. ನಿನ್ನೆ ಪೂಜೆಯ ಹೊತ್ತಿಗೆ, ಬರೀ ತಗಡಿನ ಮೇಲೆ ಹೂವಿಟ್ಟರೆ ಗುಡಿಯ ಹೊಸ್ತಿಲಿಗೆ ಹೂವಿಟ್ಟು ದೇವರನ್ನು ಮರೆತಂತಾಗುತ್ತದೆ, ಈ ಯಂತ್ರದ ಜೀವವೇ ಕಾರ್ಡು ಎಂದು ಭಾವಿಸಿ, ಹಿಂದಿನಿಂದ ಕೈ ತೂರಿಸಿ, ಭಕ್ತಿಪರವಶರಾಗಿ ಹೂವನ್ನು ಏರಿಸಿದವರು ಸಾಕ್ಷಾತ್ ಅವರೇ. ಪಂಕ ನಿಂತಿತ್ತು, ಕಾರ್ಡು ಕಾದಿತ್ತು, ಕೈಚೆಲ್ಲಿದ ಡ್ರೈವರ್ ನಿರಪರಾಧಿ. ಮೀನುಗಳಂತೂ ಪರಮ ನಿರಪರಾಧಿಗಳು.

ಅವರು ಹೂವನ್ನು ಬಿಡಿಸಿದರು. ಪಂಕ ಗುಂಯ್ ಎಂದು ತಿರುಗತೊಡಗಿತು. ಅಷ್ಟರಲ್ಲಿ ಸ್ಕೂಟರಿನ ಸದ್ದು. ವೀರಪುರುಷರು ಹೂವನ್ನು ಗಬಕ್ಕನೆ ಜೇಬಿಗೆ ತುರುಕಿ, ಪೆಟ್ಟಿಗೆಯನ್ನು ಮೊದಲಿನಂತೆ ತಿರುಗಿಸಿ, ಏನೂ ಅರಿಯದವರಂತೆ ಕುಳಿತರು.

ಪ್ರಭುಲಿಂಗ ಪೆನ್ ಡ್ರೈವ್ ಸಿಕ್ಕಿಸಿದ. ಹಳೆಯ ಸಾರಥಿ ಮರಳಿ ಪೀಠವೇರಿದ. ಹಪ್ಪಳಗಳು ಸಣ್ಣವಾದವು. ಕಾರು ಮೊದಲ ತಿರುವು ದಾಟಿತು, ಎರಡನೆಯದನ್ನೂ ದಾಟಿತು, ಎಲ್ಲೂ ಕಪ್ಪಾಗಲಿಲ್ಲ.

"ನೋಡಿದ್ರಿ ಮಾಮಾರ? ನಾ ಮೊದಲ ಹೇಳಿದ್ದೆ, ಡ್ರೈವರಿಂದ ಕಿತಾಪತಿ ಅಂತ. ಅಕ್ಕಾ, ಬಾ ಇಲ್ಲಿ, ನಿನ್ನ ತಮ್ಮನ ಕೈಗುಣ ನೋಡು."

ಅಯ್ಯೋ ವಿಧಿಯೇ, ಎಂಥ ಇಕ್ಕಟ್ಟು. ಜಯ ನನ್ನದು ಎನ್ನಬೇಕಾದರೆ ಹೂವನ್ನು ತೋರಿಸಬೇಕು; ಹೂವನ್ನು ತೋರಿಸಿದರೆ ಅಪರಾಧವೂ ನನ್ನದೇ ಎನ್ನಬೇಕು. ಮಾಸ್ತರರು ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. ಪ್ರಭುಲಿಂಗ ಕಾರು ಓಡಿಸುವುದರಲ್ಲಿ ಮೈಮರೆತಿದ್ದನು.

ಕಮಲಾಕ್ಷಮ್ಮ ದೀಪ ಹಚ್ಚಿ ಬಂದಳು. ಪರದೆ ನೋಡಿದಳು, ಕಿಟಕಿ ನೋಡಿದಳು, ಮುಖ ಸಪ್ಪಗಾಯಿತು. ಆದರೂ ಆಡಿದ ಮಾತಿಗೆ ತಪ್ಪುವವಳಲ್ಲ. "ಆತು ಬಿಡ್ರಿ. ಮೇಜು ನಿಮ್ಮದ. ಬನ್ನಿ ಕೊಡ್ರಿ," ಎಂದು ಅಂಗೈ ಚಾಚಿದಳು.

ಮಾಸ್ತರರು ಜೇಬಿಗೆ ಕೈಹಾಕಿ ಬನ್ನಿ ಎಲೆಗಳನ್ನು ತೆಗೆದು ಅವಳ ಕೈಗೆ ಸುರಿದು, "ಬಂಗಾರದಂಗ ಇರೂಣು," ಎಂದರು. ಹಸಿರು ಎಲೆಗಳ ನಡುವೆ ಸುಟ್ಟ ಸೇವಂತಿಗೆಯೂ ಬಿದ್ದಿತು.

ಅವಳು ಬಾಳೆನಾರಿನ ಗಂಟನ್ನು ತಿರುಗಿಸಿ ನೋಡಿದಳು. ಗೋಡೆಯ ಕಡೆಗಿದ್ದ ಪೆಟ್ಟಿಗೆಯನ್ನೂ, ಗಂಡನ ಬೆರಳಿಗೆ ಅಂಟಿದ ಮಸಿಯನ್ನೂ ನೋಡಿದಳು. ತಮ್ಮನಿಗೆ ಕೇಳದಷ್ಟು ಮೆಲ್ಲಗೆ, "ಇದು ನಾ ಕಟ್ಟಿದ ದಂಡಿ. ಒಳಗ ಏರಿಸಿದ್ರೇನು?" ಎಂದಳು.

"ಪೂಜಿ ಅದರ ಜೀವಕ್ಕ ಮುಟ್ಟಲಿ ಅಂತ…"

"ಮುಟ್ಟೇತಿ ಬಿಡ್ರಿ, ಚಲೋ ಮುಟ್ಟೇತಿ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆ ಕಣ್ಣುಗಳನ್ನು ಮಾಸ್ತರರು ಹತ್ತಿರದಿಂದ ನೋಡಿದರು. ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸಿ ಕೆಂಪಾಗಿದ್ದವು. ಅವರಿಗೆ ನಾಚಿಕೆಯಾಯಿತು. ಎದ್ದು, ಮೈದುನನ ಕಾರು ಗೆರೆ ದಾಟುವವರೆಗೆ ಕಾದು, ಕಂಪ್ಯೂಟರನ್ನು ಆರಿಸಿ, ಅದರ ತಂತಿಗಳನ್ನು ಕಳಚತೊಡಗಿದರು.

"ಗೆದ್ದೀವಲ್ಲ ಮಾಮಾರ, ಮೇಜು ಯಾಕ ಬಿಡಾಕತ್ತೀರಿ?" ಎಂದು ಪ್ರಭುಲಿಂಗ ದಂಗಾದನು.

"ಬನ್ನಿ ಹಬ್ಬ ಪ್ರಭ್ಯಾ. ಒಂದ್ ಕಡಿ ಹಿಡಿ, ಮಿಷನ್ ವಜ್ಜಿ ಐತಿ," ಎಂದರು. ತಂತಿ ಸುತ್ತುತ್ತ, "ನಿನ್ನ ಮೀನು ಇರಲಿ ಬಿಡು. ಅವುಗಳದೇನೂ ತಪ್ಪಿಲ್ಲ," ಎಂದೂ ಸೇರಿಸಿದರು.

ಹೀಗೆ ರಾಜ್ಯವು ಹಸ್ತಾಂತರವಾಯಿತು. ಗಣಕರಾಜನು ಜೋಳದ ಚೀಲದ ಪಕ್ಕದ ಸ್ಟೂಲಿಗೆ ಚಿತ್ತೈಸಿದನು. ಈ ಕಥೆಯನ್ನು ಭಕ್ತಿಯಿಂದ ಕೇಳಿದವರ ಮನೆಯಲ್ಲಿ ಪಂಕಗಳು ತಿರುಗಲಿ, ಸೀಡಿಗಳು ಕಾಗೆಯ ಪಾಲಾಗದಿರಲಿ.

ಮರುದಿನ ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಯಂತ್ರ ಮೊದಲ ಸಲ ಮಾತಾಡಿತು. ಕಮಲಾಕ್ಷಮ್ಮ ಅಲ್ಲಿ ಕುಳಿತು ಮೊದಲು ಹೊಲಿದದ್ದು ಗಿರಾಕಿಗಳ ಕುಪ್ಪಸವನ್ನಲ್ಲ, ಉಳಿದ ಬಟ್ಟೆಯಲ್ಲಿ ಕಂಪ್ಯೂಟರಿಗೊಂದು ಗೌಸು. ಅದರ ತೆರೆದ ಮಗ್ಗುಲಿಗೆ ಒತ್ತೊತ್ತಾಗಿ ಗುಂಡಿ ಹಚ್ಚಿದ್ದಳು.

"ಆರಿಸಿದ ಮ್ಯಾಲ ಇದನ್ನ ಹಾಕ್ರಿ," ಎಂದು ಗಂಡನ ಕೈಗೆ ಕೊಟ್ಟಳು. "ಮುಂದಿನ ವರ್ಷ ಹೂವು ಇದರ ಮ್ಯಾಲ ಇಡೂಣು."