ಮಾಸ್ತರರಿಗೆ ಬೇಕಾದ ಎರಡು ಉದ್ಗಾರ ಚಿಹ್ನೆ

ಚದುರಂಗ ಸುಮ್ಮನೆ ಕೂತು ಆಡುವ ಆಟ ಎನ್ನುತ್ತಾರೆ. ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಕಟ್ಟೆಯ ಮೇಲೆ ಸುಮ್ಮನೆ ಕೂತವರನ್ನು ನಾನಿನ್ನೂ ಕಂಡಿಲ್ಲ. ವಾರಕ್ಕೊಂದು ರಗಳೆ ಇದ್ದೇ ಇರುತ್ತದೆ. ಈಚಿನ ರಗಳೆಗಳಿಗೆಲ್ಲ ಮೂಲ ಒಂದು ಫೋನು.

ಕಟ್ಟೆ ಮಾಸ್ತರರ ಮನೆಯದು. ಮಿಶನ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾನು ರೈಲ್ವೆಯಲ್ಲಿದ್ದೆ. ಸಂಜೆ ಇಬ್ಬರೂ ಆಡುತ್ತೇವೆ. ಮಾತು ಅವರದು.

ಸೊಸೆಗೆ ಮೂರು

ಮಾಸ್ತರರ ಸೊಸೆ ಸತ್ತೂರಿನ ಆಸ್ಪತ್ರೆಯಲ್ಲಿ ನರ್ಸ್. ಆಟ ಕಲಿಸಿದವರು ಮಾವನೇ. ಬಸ್ಸಿನಲ್ಲಿ ಹೋಗಿ ಬರುವಾಗ ಅವಳು ಫೋನಿನಲ್ಲಿ ಆಡುತ್ತಾಳೆ. ಆಟ ಮುಗಿದ ಮೇಲೆ ಫೋನು ಒಂದೊಂದು ನಡೆಗೂ ಗುರುತು ಹಾಕುತ್ತದೆ. ಬಲು ಜಾಣ ನಡೆಗೆ ಎರಡು ಉದ್ಗಾರ ಚಿಹ್ನೆ. ಅದರ ಹೆಸರು ಬ್ರಿಲಿಯಂಟ್. ಸೊಸೆಗೆ ಅಂಥವು ಮೂರು ಸಿಕ್ಕಿದ್ದವು. ಕಲಿಸಿದವರಿಗೆ ಒಂದೂ ಇಲ್ಲ. ಮಾಸ್ತರರಿಗೆ ಊಟ ಸೇರದಂತಾಯಿತು.

“ಅದನ್ನ ಹೆಂಗ ಕೊಡತೈತಿ ಅದು?”

“ದೊಡ್ಡ ಕಾಯಿ ಬಲಿ ಕೊಡಬೇಕ್ರಿ ಮಾವಾರ. ಪುಕ್ಕಟ ಕೊಟ್ಟಂಗ ಕಾಣಬೇಕು. ಆದ್ರ ಅದಕ್ಕಿಂತ ಛಲೋ ನಡಿ ಇರಬಾರದು.”

ಮಾಸ್ತರರು ಮೊದಲರ್ಧವನ್ನಷ್ಟೇ ಕೇಳಿಸಿಕೊಂಡರು. ಅಂದೇ ಫೋನಿನಲ್ಲಿ ಆನೆ ಕೊಟ್ಟರು. ನಾವು ವಜೀರ ಎನ್ನುವ ರಾಣಿಯನ್ನೂ ಕೊಟ್ಟರು. ಚಿಹ್ನೆ ಎರಡೇ ಬಂದವು. ಆದರೆ ಪ್ರಶ್ನಾರ್ಥಕ.

“ಆನಿ ಕೊಟ್ಟೆ, ವಜೀರನ್ನ ಕೊಟ್ಟೆ. ಇನ್ನೇನು ಮನಿ ಬರದು ಕೊಡ್ಲೇನು ಇದಕ್ಕ?”

ರಾಜನ ಜಿಗಿತ

ಹೆಬ್ಬಳ್ಳಿಯ ಬೀಜದ ವ್ಯಾಪಾರಿಯೊಬ್ಬರು ಹುಬ್ಬಳ್ಳಿಗೆ ಬಂದಾಗ ಕಟ್ಟೆ ಹತ್ತುತ್ತಾರೆ. ಅವರದು ಊರ ಕಡೆಯ ಹಳೆಯ ಆಟ. ಅದರಲ್ಲಿ ಶಹ, ಅಂದರೆ ಚೆಕ್, ಬೀಳುವ ಮೊದಲು ರಾಜ ಒಮ್ಮೆ ಕುದುರೆಯ ಹಾಗೆ ಜಿಗಿಯಬಹುದು.

ಅಂದು ನಾನು ಬಲೆ ಬೀಸಿದ್ದೆ. ಮುಂದಿನ ನಡೆಗೆ ಮಾತ್, ಆಟ ಮುಗಿದಂತೆ. ಅವರ ರಾಜ ಟಣ್ಣನೆ ಜಿಗಿದು ಆಚೆ ನಿಂತ.

“ಇದಕ್ಕ ಎರಡು ಚಿಹ್ನಿ ಕೊಡಸ್ರಿ ಮಾಸ್ತರ!” ಎಂದರು ವ್ಯಾಪಾರಿ.

ಮಾಸ್ತರರು ಫೋನಿನಲ್ಲಿ ಅದೇ ಆಟ ಜೋಡಿಸಿ ರಾಜನನ್ನು ಎತ್ತಿಟ್ಟರು. ರಾಜ ಜಾರಿ ಹಳೆಯ ಮನೆಗೇ ಬಂದ. ಮತ್ತೆ ಇಟ್ಟರು. ಮತ್ತೆ ಬಂದ.

“ಫೋನು ಒಲ್ಲೆ ಅಂತೈತ್ರಿ.”

ವ್ಯಾಪಾರಿಗೆ ಬೇಸರವೇನಾಗಲಿಲ್ಲ.

“ನಮ್ಮ ಹೊಲದ ಕಡೆ ನೆಟ್‌ವರ್ಕ್ ಬರೂದಿಲ್ರಿ. ನಮ್ಮಾಟ ಅದಕ್ಕ ಹೆಂಗ ತಿಳೀಬೇಕು?”

ಭಾನುವಾರದ ಪ್ರಸಂಗ

ಮಾಸ್ತರರೂ ನಾನೂ ಒಂದೇ ಚರ್ಚಿನವರು, ಒಂದೇ ಸಭೆಯವರು. ಆ ಭಾನುವಾರ ಪಾಸ್ಟರರು ಬಲಿಯ ಮೇಲೆ ಪ್ರಸಂಗ ಮಾಡಿದರು. ಕೊಟ್ಟದ್ದು ತಿರುಗಿ ಬರಲಿ ಎಂಬ ಆಸೆಯಿಲ್ಲದೆ ಕೊಡುವುದೇ ಬಲಿ ಎಂದರು. ಮಾಸ್ತರರು ಚಡಪಡಿಸಿದರು. ಹೊರಗೆ ಬಂದವರೇ ಪಾಸ್ಟರರ ಕೈ ಹಿಡಿದರು.

“ಸಾಹೇಬ್ರ, ಫೋನು ಬ್ಯಾರೆ ಹೇಳತೈತ್ರಿ. ಕೊಟ್ಟಿದ್ದು ನಾಕು ನಡ್ಯಾಗ ಬಡ್ಡಿ ಸುದ್ದಾ ತಿರುಗಿ ಬರಬೇಕಂತ. ಇಲ್ಲಂದ್ರ ತಪ್ಪಂತ.”

ಪಾಸ್ಟರರು ಗಂಭೀರವಾಗಿ ಯೋಚಿಸಿದರು.

“ಆ ಫೋನು ಯಾವ ಸಭೇದ್ರಿ?”

ಸೋಲುವ ಹಟ

ಸೊಸೆ ಇನ್ನೊಂದು ಗುಟ್ಟು ಹೇಳಿದಳು. ಆಟಗಾರರಿಗೆ ಫೋನು ದರ್ಜೆ ಕೊಡುತ್ತದೆ. ಕೆಳದರ್ಜೆಯವರಿಗೆ ಆ ಚಿಹ್ನೆ ಸಲೀಸಾಗಿ ಸಿಗುತ್ತದೆ.

“ಹಂಗಾರ ದಡ್ಡ ಆಗೇ ಬಿಡ್ತೇನಿ,” ಎಂದರು ಮಾಸ್ತರರು.

ಬೇಕೆಂದೇ ಸೋಲತೊಡಗಿದರು. ಅದಕ್ಕೆ ಹೆಚ್ಚು ಕಷ್ಟಪಡಬೇಕಾಗಲಿಲ್ಲ. ದರ್ಜೆ ಇಳಿಯಿತು. ಚಿಹ್ನೆ ಮಾತ್ರ ಬರಲಿಲ್ಲ.

ಒಂದು ಸಂಜೆ ಒಳಗೆ ಮಂಡಕ್ಕಿಯ ಗಿರ್ಮಿಟ್ ತಯಾರಾಗಿತ್ತು. ಲಗೂನೆ ಸೋತು ಏಳಬೇಕೆಂದು ಮಾಸ್ತರರು ವಜೀರನನ್ನು ಎದುರಾಳಿಯ ಬಾಯಿಗೇ ಇಟ್ಟರು. ಆ ಎದುರಾಳಿ ಯಾವ ದೇಶದವನೋ. ಹೊಡೆಯಲಿಲ್ಲ. ಬಹಳ ಹೊತ್ತು ಯೋಚಿಸಿದ. ಆಮೇಲೆ ಸೋಲೊಪ್ಪಿ ಹೊರಟುಹೋದ.

“ಏ, ನಿಲ್ಲೋ! ಸೋಲಾಕತ್ತಾಂವ ನಾನು!” ಎಂದು ಮಾಸ್ತರರು ಫೋನಿಗೆ ಕೂಗಿದರು.

ಸೊಸೆ ಓಡಿ ಬಂದು ಗುರುತುಗಳನ್ನು ತೆರೆದು ನೋಡಿದಳು. ವಜೀರನ ತಲೆಯ ಮೇಲೆ ಎರಡು ಉದ್ಗಾರ ಚಿಹ್ನೆ.

ಮರುದಿನ ಕಟ್ಟೆಯ ತುಂಬ ಜನ. ಪಾಸ್ಟರರೂ ಬಂದಿದ್ದರು. ಮಾಸ್ತರರು ಪಟದ ಮೇಲೆ ಕಾಯಿ ಜೋಡಿಸಿ, ಶಾಲೆಯಲ್ಲಿ ಪ್ರಮೇಯ ಬಿಡಿಸಿದಂತೆ ಬಿಡಿಸಿದರು.

“ವಜೀರ ಹ್ವಾದ್ರ ಹೋಗ್ಲಿ ಅಂದೆ. ನನಗ ಮುಂದಿಂದೆಲ್ಲಾ ಕಂಡಿತ್ತು.”

ಎಲ್ಲರೂ ಭೇಷ್ ಎಂದರು. ಸೊಸೆ ಬಾಗಿಲಲ್ಲಿ ನಿಂತು ನಗು ತಡೆದಳು.

ನಾನು ಒಂದೇ ಮಾತು ಕೇಳಿದೆ.

“ಅಂವ ವಜೀರನ್ನ ಹೊಡದಿದ್ರ ಮುಂದ ನೀವು ಯಾವ ನಡಿ ನಡೀತಿದ್ರಿ?”

ಮಾಸ್ತರರು ಪಟ ನೋಡಿದರು. ಸೊಸೆಯನ್ನು ನೋಡಿದರು. ಮತ್ತೆ ಪಟ ನೋಡಿದರು.

“ನನ್ನೇನು ಕೇಳ್ತೀರಿ? ಎಲ್ಲಾ ತಿಳದು ಹೆದರಿ ಓಡಿದಾಂವ ಅಂವ. ಅವನ್ನ ಕೇಳ್ರಿ!”